ಹಲ್ಲಿ ಉಣ್ಣದಿದ್ದರೆ ಬೆಟ್ಟಕ್ಕೆ ಬಿಡುವುದೇ?

ಸಾಕಿದ ಹಲ್ಲಿಯೊಂದು ಆಹಾರ ಬಿಟ್ಟು ದಿನೇ ದಿನೇ ಸೊರಗುತ್ತಿದ್ದರೆ ಏನು ಮಾಡಬೇಕು? ರಾಬರ್ಟ್‌ಸನ್‌ಪೇಟೆಯಲ್ಲಿಯೂ ಬಂಗಾರಪೇಟೆಯಲ್ಲಿಯೂ ಕಾಲೇಜು ಓದುವ ಹುಡುಗರು ಈಗ ಈ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಇದಕ್ಕೆ ಮೂರು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಮಾರಿದವನು ‘ಬಾಯಿ ಬಿಡಿಸಿ ತಿನ್ನಿಸಿ’ ಎನ್ನುತ್ತಾನೆ. ಮನೆಯ ಹಿರಿಯರು ‘ಆ ಪೀಡೆಯನ್ನು ಬೆಟ್ಟಕ್ಕೆ ಬಿಟ್ಟು ಬಾ’ ಎನ್ನುತ್ತಾರೆ. ನಮ್ಮ ಪರಿಸರ ಗೆಳೆಯರಲ್ಲಿ ಕೆಲವರು ‘ಶೋಕಿಗೆ ಸಾಕಿದವರು ಅನುಭವಿಸಲಿ, ಅದು ಚಳವಳಿಯ ವಿಷಯವಲ್ಲ’ ಎಂದು ಮುಖ ತಿರುಗಿಸುತ್ತಾರೆ. ಮೂರೂ ತಪ್ಪು ಉತ್ತರಗಳೆಂಬುದು ಈ ಬರಹದ ವಾದ. ಮೂರನೆಯದು ನಮ್ಮವರದೇ ಆದುದರಿಂದ ಅದರ ಮೇಲೆ ಸಿಟ್ಟು ಸ್ವಲ್ಪ ಹೆಚ್ಚು. ಅನುಭವಿಸುವುದು ಸಾಕಿದವನಲ್ಲ, ಹಲ್ಲಿ. ಮತ್ತು ಆ ಹಲ್ಲಿ ಕೊನೆಗೆ ಬಂದು ಬೀಳುವುದು ನಮ್ಮ ಬೆಟ್ಟದ ಮೇಲೆಯೇ.

ಹಲ್ಲಿಯ ವಿಷಯದಲ್ಲಿ ನಮ್ಮ ಸೀಮೆಯವರು ವಿಚಿತ್ರವಾದ ಜನ. ತಮಿಳರ ಪಲ್ಲಿ, ತೆಲುಗರ ಬಲ್ಲಿ, ಕನ್ನಡಿಗರ ಹಲ್ಲಿ ಎಂದು ಮೂರು ಭಾಷೆಗಳಲ್ಲಿ ಒಂದೇ ಹೆಸರಿಟ್ಟು ಕರೆಯುತ್ತೇವೆ. ಅದು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ನೆಲ ತಟ್ಟುತ್ತೇವೆ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ಹುಡುಕುತ್ತೇವೆ. ಕಂಚಿಯ ವರದರಾಜಸ್ವಾಮಿ ದೇವಾಲಯಕ್ಕೆ ಹೋಗಿ ಬಂಗಾರದ ಹಲ್ಲಿಯನ್ನು ಮುಟ್ಟಿ ದೋಷ ಕಳೆದುಕೊಂಡು ಬರುತ್ತೇವೆ. ಊರಿಗೆ ಬಂದ ಮೇಲೆ ಗೋಡೆಯ ಮೇಲಿನ ಬಡ ಹಲ್ಲಿಯನ್ನು, ಅದರಲ್ಲಿ ವಿಷದ ಲವಲೇಶವೂ ಇಲ್ಲದಿದ್ದರೂ, ವಿಷಜಂತುವೆಂದು ಪೊರಕೆಯಿಂದ ಬಡಿಯುತ್ತೇವೆ. ಈಗ ಇದಕ್ಕೊಂದು ಹೊಸ ಅಧ್ಯಾಯ ಸೇರಿದೆ. ಸೊಳ್ಳೆ ತಿನ್ನುವ ಮನೆಯ ಹಲ್ಲಿಯನ್ನು ಓಡಿಸಿ, ಸಾವಿರಾರು ರೂಪಾಯಿ ಕೊಟ್ಟು ಹೊರಗಿನ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವುದು.

ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಬಂಗಾರಪೇಟೆಯ ಮೂಲಕ ದಿನವೂ ಸಾವಿರಾರು ಜನರನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತೊಯ್ಯುತ್ತವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ರೈಲೇ ಈ ಊರಿನ ಜೀವನಾಡಿ. ಬೆಂಗಳೂರಿನಿಂದ ಸಂಬಳ ಬರುತ್ತದೆ, ಮೊಬೈಲು ಬರುತ್ತದೆ, ಅದರೊಡನೆ ಬೆಂಗಳೂರಿನ ಶೋಕಿಯೂ ಬರುತ್ತದೆ. ಅಂಗೈಯಲ್ಲಿ ಕೂರುವ, ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ, ನಗುವಂತೆ ತೋರುವ ಬಾಯಿಯ ಲೆಪರ್ಡ್ ಗೆಕ್ಕೊ ಇವುಗಳಲ್ಲಿ ಹೆಸರುವಾಸಿ. ‘ನಾಯಿಯಂತೆ ಬೊಗಳುವುದಿಲ್ಲ, ಬೆಕ್ಕಿನಂತೆ ಕೂದಲು ಉದುರಿಸುವುದಿಲ್ಲ, ವಾರಕ್ಕೆ ಮೂರು ದಿನ ಹುಳು ಹಾಕಿದರೆ ಸಾಕು’ ಎಂಬುದು ಮಾರುವವರ ಮಂತ್ರ. ಆ ಹಲ್ಲಿ ಹದಿನೈದು, ಇಪ್ಪತ್ತು ವರ್ಷ ಬದುಕಬಲ್ಲದೆಂದು ಹೇಳುವವರು ವಿರಳ. ಅದಕ್ಕೆ ಹುಳುವಿಗಿಂತ ಮೊದಲು ಬೇಕಾದುದು ಶಾಖವೆಂದು ಹೇಳುವವರು ಇನ್ನೂ ವಿರಳ.

ಪಾಕಿಸ್ತಾನ, ಆಫ್ಘಾನಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಗಾಡು ಈ ಹಲ್ಲಿಯ ನಾಡು. ನಮ್ಮ ಗೋಡೆಹಲ್ಲಿಗಿರುವಂತೆ ಇದರ ಬೆರಳಿಗೆ ಅಂಟುಮೆತ್ತೆಯಿಲ್ಲ, ಗಾಜು ಹತ್ತಲಾರದು. ಗೋಡೆಹಲ್ಲಿಗಿಲ್ಲದ ಕಣ್ಣರೆಪ್ಪೆ ಇದಕ್ಕಿದೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿದ್ದು ಮುಸ್ಸಂಜೆಯಲ್ಲಿ ಹೊರಬರುತ್ತದೆ. ಬಿಸಿಲು ಕಾಯಿಸಿಟ್ಟ ಕಲ್ಲಿಗೆ ಹೊಟ್ಟೆ ಅಂಟಿಸಿ ಕುಳಿತು ತಿಂದುದನ್ನು ಅರಗಿಸಿಕೊಳ್ಳುತ್ತದೆ. ಬಾಲವೇ ಅದರ ಕಣಜ. ಕೊಬ್ಬನ್ನೆಲ್ಲ ಅಲ್ಲಿ ತುಂಬಿಟ್ಟುಕೊಳ್ಳುತ್ತದೆ. ಆದುದರಿಂದಲೇ ಹಸಿದ ಗೆಕ್ಕೊವಿನ ಬಾಲ ಮೊದಲು ಸೊರಗುತ್ತದೆ, ಆಮೇಲೆ ಸೊಂಟದ ಎಲುಬು ಕಾಣುತ್ತದೆ.

ನಮ್ಮ ದೇಹ ಉಂಡ ಅನ್ನದಿಂದ ತಾನೇ ಬಿಸಿಯನ್ನು ಹುಟ್ಟಿಸಿಕೊಳ್ಳುತ್ತದೆ. ಹಲ್ಲಿಯ ದೇಹಕ್ಕೆ ಆ ಶಕ್ತಿಯಿಲ್ಲ. ಕಲ್ಲು ಬಿಸಿಯಾದರೆ ಹಲ್ಲಿ ಬಿಸಿ, ಕಲ್ಲು ತಣ್ಣಗಾದರೆ ಹಲ್ಲಿ ತಣ್ಣಗೆ. ಅದರ ಕರುಳು ಕೆಲಸ ಮಾಡಬೇಕಾದರೂ, ರೋಗವನ್ನು ಎದುರಿಸಬೇಕಾದರೂ ಹೊರಗಿನ ಶಾಖ ಬೇಕು. ಮೈ ತಣ್ಣಗಿರುವಾಗ ನುಂಗಿದ ಹುಳು ಹೊಟ್ಟೆಯಲ್ಲಿ ಅರಗದೆ ಕೊಳೆಯುತ್ತದೆ. ಆದುದರಿಂದ ತಣ್ಣಗಿರುವ ಹಲ್ಲಿ ಆಹಾರ ನಿರಾಕರಿಸುವುದು ಹಟವೂ ಅಲ್ಲ, ‘ಮಾಲೀಕನ ಮೇಲಿನ ಮುನಿಸೂ’ ಅಲ್ಲ. ಅದರ ಮಟ್ಟಿಗೆ ಅದು ಸರಿಯಾದ ಲೆಕ್ಕಾಚಾರ.

ಈಗ ಬಂಗಾರಪೇಟೆಯ ಹವೆಯನ್ನು ನೋಡಿ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಊರು. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಸಿಮೆಂಟಿನ ನೆಲ ಬೆಳಗಿನ ಹತ್ತು ಗಂಟೆಯವರೆಗೂ ಮಂಜುಗಡ್ಡೆ. ಲೆಪರ್ಡ್ ಗೆಕ್ಕೊ ಕುಳಿತುಕೊಳ್ಳುವ ಬಿಸಿ ಜಾಗದ ನೆಲಕ್ಕೆ ಬೇಕಾದುದು 31ರಿಂದ 33 ಡಿಗ್ರಿ; ಪೆಟ್ಟಿಗೆಯ ಇನ್ನೊಂದು ತುದಿಯ ತಂಪಿಗೆ 24ರಿಂದ 26. ನಡುವೆ ಓಡಾಡಿ ತನಗೆ ಬೇಕಾದ ಶಾಖವನ್ನು ತಾನೇ ಆರಿಸಿಕೊಳ್ಳುವ ಅವಕಾಶವಿರಬೇಕು. ಸ್ವೆಟರು ಹಾಕಿಕೊಂಡು ಟೀ ಕುಡಿಯುತ್ತ ‘ಇದೇಕೆ ತಿನ್ನುತ್ತಿಲ್ಲ?’ ಎಂದು ಕೇಳುವ ಮಹಾಶಯನು ಪೆಟ್ಟಿಗೆಯ ನೆಲದ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಲಿ. ಕೈಗಿಂತಲೂ ಉತ್ತಮ, ತಂತಿಯ ತುದಿಯಿರುವ ಅಗ್ಗದ ಡಿಜಿಟಲ್ ಥರ್ಮಾಮೀಟರು.

ಇದನ್ನು ಅರ್ಥ ಮಾಡಿಕೊಳ್ಳಲು ಪರದೇಶದ ಪುಸ್ತಕವನ್ನು ಓದಬೇಕಾಗಿಲ್ಲ. ನಮ್ಮ ಸೀಮೆಯ ರೇಷ್ಮೆ ರೈತನನ್ನು ಕೇಳಿದರೆ ಸಾಕು. ಹುಳು ಸೊಪ್ಪು ಮುಟ್ಟದಿದ್ದರೆ ಅವನು ಮೊದಲು ನೋಡುವುದು ಹುಳು ಮನೆಯ ಗೋಡೆಗೆ ನೇತುಹಾಕಿದ ಉಷ್ಣಮಾಪಕವನ್ನು. ಚಾಕಿ ಹುಳುವಿಗೆ 27, 28 ಡಿಗ್ರಿ, ದೊಡ್ಡ ಹುಳುವಿಗೆ 24, 25 ಎಂಬುದು ಅವನಿಗೆ ಬಾಯಿಪಾಠ. ಚಳಿ ಹೆಚ್ಚಿದರೆ ಹುಳು ಮಂಕಾಗುತ್ತದೆ, ಮೇಯುವುದು ಕಡಿಮೆಯಾಗುತ್ತದೆ, ಗೂಡು ಕಟ್ಟುವ ದಿನ ಮುಂದಕ್ಕೆ ಹೋಗುತ್ತದೆ ಎಂದು ಅವನು ಬಲ್ಲ. ಆದುದರಿಂದ ಕಿಟಕಿ ಮುಚ್ಚಿ ಮನೆಯನ್ನು ಬೆಚ್ಚಗಾಗಿಸುತ್ತಾನೆ. ಇನ್ನೊಂದು ಮಾತನ್ನೂ ಅವನು ಬಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆ ಎತ್ತಿ ಸುಮ್ಮನಾದಾಗ, ಅದು ತಿನ್ನುವುದಿಲ್ಲ. ತನ್ನ ಜೀವಿತದಲ್ಲಿ ನಾಲ್ಕು ಬಾರಿ ಹೀಗೆ ಕೂರುತ್ತದೆ. ಆಗ ಸೊಪ್ಪು ಹಾಕುವವನು ದಡ್ಡ, ಹುಳುವನ್ನು ಮುಟ್ಟುವವನು ಇನ್ನೂ ದಡ್ಡ. ಜ್ವರ ಎದ್ದ ಮೇಲೆ ಹಾಕಿದರೆ ತಾನಾಗಿ ಮೇಯುತ್ತದೆ.

ಹಲ್ಲಿಯ ಪಾಡೂ ಇದೇ. ಪೊರೆ ಬಿಡುವ ಮುನ್ನ ಮೈ ಬಿಳಿಚಿಕೊಂಡು ಎರಡು, ಮೂರು ದಿನ ಊಟ ಬಿಡುತ್ತದೆ. ಹೊಸ ಮನೆಗೆ ಬಂದ ಮೊದಲ ಒಂದೆರಡು ವಾರ ಅಂಜಿಕೆಯಿಂದ ಬಿಡುತ್ತದೆ. ಬೆದೆಯ ಕಾಲದಲ್ಲಿ ಗಂಡು, ಮೊಟ್ಟೆ ತುಂಬಿದಾಗ ಹೆಣ್ಣು ಬಿಡುವುದುಂಟು. ಚಳಿಗಾಲದಲ್ಲಿ ಬಲಿತ ಹಲ್ಲಿ ವಾರಗಟ್ಟಲೆ ಮಂಕಾಗಿದ್ದು ತೂಕವನ್ನು ಹೆಚ್ಚು ಕಳೆದುಕೊಳ್ಳದೆ ಇರುವುದೂ ಉಂಟು. ಹಾಗಾದರೆ ಯಾವಾಗ ಸುಮ್ಮನಿರಬೇಕು, ಯಾವಾಗ ಹೆದರಬೇಕು? ಇದನ್ನು ಹೇಳುವುದು ತಕ್ಕಡಿ ಮಾತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಬಲಿತ ಲೆಪರ್ಡ್ ಗೆಕ್ಕೊ ಸಾಮಾನ್ಯವಾಗಿ 50ರಿಂದ 80 ಗ್ರಾಂ ತೂಗುತ್ತದೆ. ಅರವತ್ತು ಗ್ರಾಮಿನ ಹಲ್ಲಿ ಆರು ಗ್ರಾಂ ಕಳೆದುಕೊಂಡಿತೆಂದರೆ ಹತ್ತರಲ್ಲೊಂದು ಪಾಲು ಹೋಯಿತು. ಆಮೇಲೆ ‘ನೋಡೋಣ’ ಎಂಬ ಮಾತಿಗೆ ಅವಕಾಶವಿಲ್ಲ, ವೈದ್ಯರ ಬಳಿಗೆ ಹೋಗಬೇಕು. ಮರಿಗಳ ವಿಷಯದಲ್ಲಿ ಅಷ್ಟೂ ಕಾಯಬಾರದು. ಮೊಟ್ಟೆಯೊಡೆದು ಬಂದ ಮರಿ ಮೂರು ಗ್ರಾಮಿನ ಜೀವ. ಅದಕ್ಕೆ ಕಣಜವೇ ಇಲ್ಲ.

ಬಾಯಿಗೆ ತುರುಕುವ ಉಪಚಾರ

ಮಾರಿದವನ ಉತ್ತರವನ್ನು ಈಗ ಪರಿಶೀಲಿಸೋಣ. ಬಾಯಿ ಬಿಡಿಸಿ ತಿನ್ನಿಸುವುದೆಂದರೆ ತಣ್ಣಗಿರುವ ಕರುಳಿಗೆ ಕೊಳೆಯುವ ಪದಾರ್ಥವನ್ನು ತುಂಬುವುದು. ಹಾಗೆ ತುರುಕುವಾಗ ಶ್ವಾಸನಾಳಕ್ಕೆ ಹನಿ ಹೋದರೆ ನ್ಯುಮೋನಿಯ. ಮೂಳೆ ಮೆತ್ತಗಾಗಿರುವ ಹಲ್ಲಿಯಾದರೆ ದವಡೆಯೇ ಮುರಿಯುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಸುಣ್ಣದ ಅಂಶವೂ ಡಿ3 ಜೀವಸತ್ವವೂ ಇಲ್ಲದ ಹುಳುಗಳನ್ನೇ ತಿಂದು ಬೆಳೆದ ಹಲ್ಲಿಯ ಎಲುಬು ರಬ್ಬರಿನಂತಾಗುತ್ತದೆ, ಕಾಲು ಬಾಗುತ್ತದೆ. ಕಚ್ಚಲು ಬಲವಿಲ್ಲದ ದವಡೆಯ ಹಲ್ಲಿ ಹುಳುವನ್ನು ಹಿಂಬಾಲಿಸಿ ಹೋಗಿ, ಬಾಯಿ ತೆರೆದು, ಹಾಗೆಯೇ ನಿಂತುಬಿಡುತ್ತದೆ. ಅದಕ್ಕೆ ಹಸಿವಿಲ್ಲವೆಂದು ಭಾವಿಸುವುದು ಹಲ್ಲುದುರಿದ ಮುದುಕನಿಗೆ ಚಕ್ಕುಲಿ ಕೊಟ್ಟು ‘ಇವನಿಗೆ ಹಸಿವಿಲ್ಲ’ ಎಂದಂತೆ. ಹುಳುವನ್ನು ಹಾಕುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಹಾಕುವ ಒಂದು ನಿಮಿಷದ ಕೆಲಸವನ್ನು ಯಾರೂ ಹೇಳಿಕೊಡದ ಫಲ ಇದು.

ಅನ್ನದ ಅಗುಳು, ಬ್ರೆಡ್ಡು, ಹಾಲು ಇವನ್ನು ಮುಂದಿಟ್ಟು ಕಾಯುವ ಕರುಣಾಳುಗಳೂ ಇದ್ದಾರೆ. ಲೆಪರ್ಡ್ ಗೆಕ್ಕೊ ಜೀವಂತ ಹುಳುಗಳನ್ನು ಮಾತ್ರ ತಿನ್ನುವ ಪ್ರಾಣಿ. ಅಲುಗಾಡದ್ದು ಅದರ ಕಣ್ಣಿಗೆ ಆಹಾರವೇ ಅಲ್ಲ. ಅಂಗಡಿಯವರು ಕ್ರಿಕೆಟ್ ಎಂದು ಮಾರುವ ಜೀರುಂಡೆ ದುಬಾರಿಯಾಯಿತೆಂದು ಹೊಲಕ್ಕಿಳಿದು ಮಿಡತೆ ಹಿಡಿದು ಹಾಕುವವರಿಗೆ ಒಂದು ಮಾತು. ನಮ್ಮದು ಟೊಮೆಟೊ ಸೀಮೆ. ಔಷಧಿ ಹೊಡೆಯದ ಟೊಮೆಟೊ ತೋಟವನ್ನು ಹುಡುಕಲು ಲಾಂದ್ರ ಹಿಡಿದು ಹೋಗಬೇಕು. ಆ ತೋಟದ ಅಂಚಿನ ಮಿಡತೆಯ ಮೈಯಲ್ಲಿರುವ ವಿಷ ಹಲ್ಲಿಯ ಮೈಗೆ ಇಳಿಯುತ್ತದೆ. ಮಿಂಚುಹುಳುವನ್ನಂತೂ ಕೊಡಲೇಬಾರದು, ಕೆಲವು ಜಾತಿಯ ಮಿಂಚುಹುಳು ಒಂದೇ ಒಂದು ಸಾಕಿದರೂ ಹಲ್ಲಿಯನ್ನು ಕೊಲ್ಲಬಲ್ಲದು. ನೆರೆಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರೆ ನಾಲ್ಕು ಎಳೆಯ ಹುಳು ಕೇಳಿ ತರುವುದು ಮೇಲು. ಮೆತ್ತಗಿರುತ್ತದೆ, ನೀರಿನಂಶವಿರುತ್ತದೆ, ಸುಲಭವಾಗಿ ಅರಗುತ್ತದೆ. ವಿಷ ಬಿದ್ದ ಸೊಪ್ಪನ್ನು ಮೇಯ್ದ ರೇಷ್ಮೆ ಹುಳು ತಾನೇ ಮೊದಲು ಸಾಯುವುದರಿಂದ, ಚುರುಕಾಗಿ ಮೇಯುತ್ತಿರುವ ಹುಳು ಒಂದು ರೀತಿಯ ಪರೀಕ್ಷಾ ಪತ್ರವೂ ಹೌದು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದಪ್ಪನೆಯ ಹುಳು ಬೇಡ. ಹಾಕಿದ ಜೀರುಂಡೆಯನ್ನು ತಿನ್ನದಿದ್ದರೆ ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಬಿಡಬಾರದು. ಹಸಿದ ಜೀರುಂಡೆ ಸುಸ್ತಾದ ಹಲ್ಲಿಯನ್ನೇ ಕಡಿಯುತ್ತದೆ.

ಶಾಖದ ಏರ್ಪಾಡು ದೊಡ್ಡ ವಿದ್ಯೆಯೇನಲ್ಲ. ಪೆಟ್ಟಿಗೆಯ ಮೂರನೇ ಒಂದು ಭಾಗದ ಕೆಳಗೆ ಹೀಟ್ ಮ್ಯಾಟ್, ಅದಕ್ಕೆ ಕಡ್ಡಾಯವಾಗಿ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದ ಮ್ಯಾಟು ಹೊಟ್ಟೆಯನ್ನು ಸುಡುತ್ತದೆ. ಕರೆಂಟಿನಿಂದ ಕಾಯುವ ‘ಬಿಸಿಕಲ್ಲು’ ಅದಕ್ಕಿಂತ ಅಪಾಯ. ಬಿಸಿ ಜಾಗದ ಮೇಲೊಂದು, ತಂಪು ಜಾಗದ ಮೇಲೊಂದು ಅಡಗುತಾಣ, ಒದ್ದೆ ಬಟ್ಟೆಯಿಟ್ಟ ಮೂರನೆಯದೊಂದು ಡಬ್ಬಿ ಪೊರೆ ಬಿಡುವುದಕ್ಕೆ. ಕಾಲ್ಬೆರಳಿಗೆ ಹಳೆಯ ಪೊರೆ ಸುತ್ತಿಕೊಂಡರೆ ಬೆರಳೇ ಉದುರುತ್ತದೆ, ಕಣ್ಣಿಗೆ ಅಂಟಿಕೊಂಡರೆ ಹುಳು ಕಾಣದೆ ಉಪವಾಸ ಬೀಳುತ್ತದೆ. ಅಂದಕ್ಕಾಗಿ ಹಾಸುವ ಮರಳು ಬೇಡ. ಹುಳುವಿನೊಡನೆ ನುಂಗಿದ ಮರಳು ಕರುಳನ್ನು ಕಟ್ಟುತ್ತದೆ. ಹಾಸಲು ಹಳೆಯ ಪತ್ರಿಕೆ ಸಾಕು, ಈ ಪತ್ರಿಕೆಯೂ ಆದೀತು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ಹರಿದುಬಂದ ಊರಾದರೂ ಕರೆಂಟು ಕೈಕೊಡುವ ರಾತ್ರಿಗಳಿಗೆ ಕೊರತೆಯಿಲ್ಲವಾದುದರಿಂದ, ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಡಗುತಾಣದ ಪಕ್ಕದಲ್ಲಿಡಬಹುದು. ಇಷ್ಟು ಮಾಡಿ, ಕುಡಿಯಲು ನೀರಿಟ್ಟು, ಎತ್ತಿ ಆಡಿಸುವುದನ್ನು ನಿಲ್ಲಿಸಿ, ಮಬ್ಬುಗತ್ತಲಲ್ಲಿ ಒಂದು ಹುಳು ಬಿಟ್ಟು ದೂರ ಸರಿದರೆ ಹಲವು ಹಲ್ಲಿಗಳು ತಾವಾಗಿಯೇ ತಿನ್ನತೊಡಗುತ್ತವೆ. ಎರಡು ಹಲ್ಲಿಗಳಿದ್ದರೆ ಬೇರೆ ಬೇರೆ ಇಡಬೇಕು. ಒಂದರ ಅಂಜಿಕೆಯಿಂದ ಇನ್ನೊಂದು ಉಪವಾಸ ಬೀಳುವುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಇನ್ನೊಂದು ಜಾತಿಯ ಹಲ್ಲಿಗೆ ಈ ಲೆಕ್ಕವೇ ತಲೆಕೆಳಗು. ಕ್ರೆಸ್ಟೆಡ್ ಗೆಕ್ಕೊ ಎಂಬುದು ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ ಕಾಡಿನದು. ಹಣ್ಣಿನ ಗೊಜ್ಜನ್ನೂ ತಿನ್ನುತ್ತದೆ, ತಂಪನ್ನು ಬಯಸುತ್ತದೆ. ಶಾಖ 30 ಡಿಗ್ರಿಯ ಹತ್ತಿರ ಬಂದರೆ ಬಳಲುತ್ತದೆ. ಏಪ್ರಿಲ್ ತಿಂಗಳಲ್ಲಿ ಕೆ.ಜಿ.ಎಫ್.ನ ತಗಡಿನ ಸೂರಿನ ಕೆಳಗೆ ಅದನ್ನು ಇಡುವುದು ಕೊಲೆಗೆ ಸಮ. ಒಂದಕ್ಕೆ ನಮ್ಮ ಚಳಿಗಾಲ ಒಗ್ಗದು, ಇನ್ನೊಂದಕ್ಕೆ ನಮ್ಮ ಬೇಸಿಗೆ ಒಗ್ಗದು. ಎರಡನ್ನೂ ‘ಗೆಕ್ಕೊ’ ಎಂಬ ಒಂದೇ ಚೀಟಿ ಅಂಟಿಸಿ, ಒಂದೇ ಮಾತು ಹೇಳಿ ಮಾರುವುದನ್ನು ವ್ಯಾಪಾರವೆನ್ನಬೇಕೋ ಮೋಸವೆನ್ನಬೇಕೋ ಓದುಗರೇ ನಿರ್ಧರಿಸಲಿ.

ಶಾಖ ಸರಿಪಡಿಸಿ ಒಂದೆರಡು ವಾರವಾದರೂ ತೂಕ ಇಳಿಯುತ್ತಲೇ ಇದ್ದರೆ ಕಾರಣ ಒಳಗಿದೆ. ಜಂತು, ಕಾಕ್ಸಿಡಿಯ, ಬಾಯಿಹುಣ್ಣು ಇವುಗಳಿಗೆ ಚಿಕಿತ್ಸೆಯುಂಟು. ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಕರುಳಿಗೆ ಹೊಕ್ಕರೆ ಬಾಲ ಕಡ್ಡಿಯಾಗುತ್ತದೆ; ಅದಕ್ಕೆ ನೆಚ್ಚಬಹುದಾದ ಔಷಧಿ ಇಲ್ಲ, ಸಾಮಾನ್ಯ ಫಿನಾಯಿಲಿಗೂ ಅದು ಬಗ್ಗುವುದಿಲ್ಲ. ಇವನ್ನೆಲ್ಲ ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಹೊಸ ಮಲವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಕುರಿ, ಮೇಕೆ, ದನಗಳಿಗೆ ಹಾಕುವ ಜಂತುನಾಶಕ ನಮ್ಮ ಮನೆಗಳ ಗೂಡಿನಲ್ಲಿಯೇ ಇರುತ್ತದೆ. ‘ಹಲ್ಲಿಗೆ ಒಂದು ಹನಿ ಸಾಕು’ ಎಂದು ಹಾಕುವ ಜಾಣತನ ಬೇಡ. ಕುರಿಗೆ ಹಿತವಾದ ಐವರ್‌ಮೆಕ್ಟಿನ್ ಆಮೆಗಳ ಪಾಲಿಗೆ ಮಾರಕ. ಅರವತ್ತು ಗ್ರಾಮಿನ ಹಲ್ಲಿಗೆ ಅಂದಾಜಿನ ಮೇಲೆ ಹಾಕಿದ ಹನಿಯೂ ಅದೇ ಕೆಲಸ ಮಾಡೀತು. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ರಾಸುಗಳನ್ನು ನೋಡುವವರು. ಹಲ್ಲಿ ಹಿಡಿದು ಹೋದರೆ ನಕ್ಕಾರೆಂಬ ಸಂಕೋಚ ಹುಡುಗರಿಗಿದೆ. ಮಲಪರೀಕ್ಷೆಯನ್ನಾದರೂ ಅಲ್ಲಿ ಕೇಳಬಹುದು. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಹಲ್ಲಿ ತಂದ ಅದೇ ರೈಲಿನಲ್ಲಿ ಹಲ್ಲಿಯನ್ನು ಒಯ್ಯಲೂಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿರಿ. ಆರೋಗ್ಯವಾಗಿರುವ ಹಲ್ಲಿಯ ಮೈಯಲ್ಲಿಯೂ ಸಾಲ್ಮೊನೆಲ್ಲ ಇರಬಹುದು.

ಬೆಟ್ಟವೇನು ತಿಪ್ಪೆಯೇ?

ಈಗ ಮನೆಯ ಹಿರಿಯರ ಉತ್ತರಕ್ಕೆ ಬರೋಣ. ಅವರ ಮನಸ್ಸಿನಲ್ಲಿ ಕೇಡಿಲ್ಲ. ಸಾಯುವ ಜೀವವನ್ನು ಮನೆಯಲ್ಲಿಟ್ಟುಕೊಂಡರೆ ಪಾಪ, ಬೆಟ್ಟಕ್ಕೆ ಬಿಟ್ಟರೆ ಪುಣ್ಯ ಎಂಬ ನಂಬಿಕೆ. ಆದರೆ ಆ ಪುಣ್ಯದ ಲೆಕ್ಕವನ್ನು ಬರೆದುಕೊಳ್ಳಬೇಕಾದವರು ಬೆಟ್ಟದ ಮಗ್ಗುಲಲ್ಲಿ ಬದುಕುವ ನಾವು. ಸೊರಗಿದ ಹಲ್ಲಿ ಅಂತರಗಂಗೆಯ ಬಂಡೆಯ ಮೇಲೋ ಕಾಮಸಮುದ್ರದ ಕುರುಚಲಲ್ಲೋ ಎರಡು ರಾತ್ರಿ ಉಳಿದರೆ ಹೆಚ್ಚು. ಸತ್ತರೆ ಅದರ ದುಃಖ ಅಲ್ಲಿಗೆ ಮುಗಿಯಿತು. ಸಾಯದೆ ಉಳಿದರೆ, ಅಥವಾ ಸಾಯುವ ಮುನ್ನ ತನ್ನ ರೋಗವನ್ನು ಅಲ್ಲಿಯ ಹಲ್ಲಿಗಳಿಗೆ ಕೊಟ್ಟರೆ?

ಕ್ರಿಸ್‌ಮಸ್ ದ್ವೀಪದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಆಸ್ಟ್ರೇಲಿಯಕ್ಕೆ ಸೇರಿದ, ಹಿಂದೂ ಮಹಾಸಾಗರದ ಆ ಪುಟ್ಟ ದ್ವೀಪದ ಲಿಸ್ಟರ್ಸ್ ಗೆಕ್ಕೊ ಈಗ ಕಾಡಿನಲ್ಲಿ ಇಲ್ಲ. ಮನುಷ್ಯರ ಆರೈಕೆಯ ಗೂಡುಗಳಲ್ಲಿ ಮಾತ್ರ ಉಳಿದಿದೆ. ಹೊರಗಿನಿಂದ ಬಂದ ತೋಳಹಾವು ಅದರ ನಾಶಕ್ಕೆ ಮುಖ್ಯ ಕಾರಣವೆಂದು ತಜ್ಞರ ಅಭಿಪ್ರಾಯ. 2014ರಲ್ಲಿ ಆ ಆರೈಕೆಯ ಗೂಡಿಗೂ ಮಾರಕ ಬ್ಯಾಕ್ಟೀರಿಯ ರೋಗವೊಂದು ನುಗ್ಗಿತು. ದ್ವೀಪಕ್ಕೆ ಹೊರಗಿನಿಂದ ಬಂದು ನೆಲೆಸಿದ್ದ ಗೋಡೆಹಲ್ಲಿಗಳಲ್ಲಿಯೂ ಅದೇ ರೋಗ ಕಂಡುಬಂದಿತು. ನಮ್ಮ ಮನೆಯಲ್ಲಿ ಲೊಚಗುಟ್ಟುವ ಸಾಧು ಹಲ್ಲಿಯ ಬಳಗವೇ ಅದು. ತನ್ನ ನೆಲೆಯಲ್ಲಿ ಸೊಳ್ಳೆ ತಿನ್ನುವ ಉಪಕಾರಿ, ಇನ್ನೊಬ್ಬರ ನೆಲೆಯಲ್ಲಿ ಮಾರಿ. ಮಾರಿಷಸ್ ಸುತ್ತಲಿನ ದ್ವೀಪಗಳಲ್ಲಿ ಇದೇ ಗೋಡೆಹಲ್ಲಿ ಅಲ್ಲಿಯ ಮೂಲ ಇರುಳುಹಲ್ಲಿಗಳನ್ನು ಮೂಲೆಗೊತ್ತಿದೆ.

ನಮ್ಮ ಬೆಟ್ಟಗಳು ಖಾಲಿ ಕಲ್ಲುಗುಡ್ಡಗಳೆಂದು ಕ್ವಾರಿಯವರು ಹೇಳುತ್ತಾರೆ, ನಾವೂ ಅದನ್ನೇ ನಂಬಬೇಕೆ? ಬಂಡೆಯ ಸೀಳಿನಲ್ಲಿ ಬಂಡೆಹಲ್ಲಿ, ಹುತ್ತದಲ್ಲಿ ಹುತ್ತದ ಹಲ್ಲಿ, ಕುರುಚಲಲ್ಲಿ ನಕ್ಷತ್ರ ಆಮೆ ಇವೆಲ್ಲ ಈ ಸೀಮೆಯ ಹಕ್ಕುದಾರರು. ಇದೇ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿದ್ದು 1994ರಲ್ಲಿ. ಆ ಒಂದು ನೆಲೆಯನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಅದು ಈಗ ಉಳಿದಿರುವುದು ತಿಳಿದಿಲ್ಲ. ಇಂಥ ನೆಲದ ಮೇಲೆ ಎಲ್ಲಿಂದಲೋ ಬಂದ ರೋಗಿಷ್ಠ ಪ್ರಾಣಿಯನ್ನು ಚೆಲ್ಲಿ ಹೋಗುವುದು ದಯೆಯ ಹೆಸರಿನ ಕಸ ವಿಲೇವಾರಿ. ಲಾಭ ಒಬ್ಬನಿಗೆ, ಉಳಿಕೆ ಊರಿಗೆ ಎಂಬ ನೀತಿಯನ್ನು ನಾವು ಬೇರೆ ರೂಪದಲ್ಲಿ ಕಂಡಿದ್ದೇವೆ. ಚಿನ್ನ ಹೋಯಿತು; ಸೈನೈಡ್ ದಿಣ್ಣೆಗಳು ಉಳಿದವು, ಗಾಳಿ ಬೀಸಿದಾಗ ಅದರ ಧೂಳು ಇಂದಿಗೂ ನಮ್ಮ ಮೂಗಿಗೆ.

ವ್ಯಾಪಾರದ ಇನ್ನೊಂದು ತುದಿಯೂ ನಮ್ಮ ಬಾಗಿಲಲ್ಲಿಯೇ ಇದೆ. ಹೊರಗಿನ ಹಲ್ಲಿ ಒಳಗೆ ಬರುವ ದಾರಿಯಲ್ಲಿಯೇ ನಮ್ಮ ನಕ್ಷತ್ರ ಆಮೆ ಹೊರಗೆ ಹೋಗುತ್ತದೆ. ಆಂಧ್ರದ ಗಡಿಯುದ್ದಕ್ಕೂ ಇರುವ ಕುರುಚಲು ಕಾಡಿನ ಈ ಆಮೆ ವಿದೇಶಿ ಶೋಕಿಗಾಗಿ ಚೀಲಗಟ್ಟಲೆ ಸಾಗಿಹೋಗಿದೆ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿ ತರಬೇಕಾಯಿತು. 2019ರಲ್ಲಿ ಅದನ್ನು ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಏರಿಸಲಾಯಿತು. ಇನ್ನು ಒಳಬರುವ ದಾರಿ: 2023ರ ಆಗಸ್ಟಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳು ಸಿಕ್ಕವು, ಅವುಗಳಲ್ಲಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. ಮರುತಿಂಗಳು ವಾರಸುದಾರರಿಲ್ಲದ ಪೆಟ್ಟಿಗೆಗಳಲ್ಲಿ 78 ಪ್ರಾಣಿಗಳು. ಹಾವುಗಳು ಬದುಕಿದ್ದವು, ಆರು ಕೋತಿಗಳು ಸತ್ತಿದ್ದವು. ಈಶಾನ್ಯ ಭಾರತದ ಟೋಕೆ ಗೆಕ್ಕೊ ದೊಡ್ಡ ಕಾಯಿಲೆಗಳಿಗೆ ಮದ್ದೆಂಬ ಹಸಿ ಸುಳ್ಳಿಗೆ ಬಲಿಯಾಗುತ್ತ ಬಂದು, 2019ರಲ್ಲಿ ಸೈಟಿಸ್‌ನ ಎರಡನೇ ಅನುಬಂಧ ಸೇರಿತು.

‘ಇದು ಫಾರಿನ್ ಐಟಂ ಸಾರ್, ಕಾನೂನು ಅಡ್ಡಿಯಿಲ್ಲ’ ಎಂದು ಮಾರುವವನು ಹೇಳಿದರೆ ಅಲ್ಲಿಯೇ ನಿಲ್ಲಿರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮಗಳು 2024ರ ಫೆಬ್ರವರಿಯಲ್ಲಿ ಪ್ರಕಟವಾದವು. ನೋಂದಣಿ ಪರಿವೇಶ್ ಜಾಲತಾಣದ ಮೂಲಕ. ಮಡಗಾಸ್ಕರದ ಹಸಿರು ಹಗಲುಹಲ್ಲಿಗಳು, ಎಲೆಬಾಲದ ಹಲ್ಲಿಗಳು ಆ ಪಟ್ಟಿಯಲ್ಲಿವೆ. ನಮ್ಮ ಪೂರ್ವಘಟ್ಟದ ಚಿನ್ನದ ಹಲ್ಲಿಯಂತೂ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅದನ್ನು ಹಿಡಿಯುವುದು ಜೈಲಿನ ಅಪರಾಧ. ಲೆಪರ್ಡ್ ಗೆಕ್ಕೊವನ್ನು ‘ಫಾರಿನ್’ ಎನ್ನುವುದೂ ಅರ್ಧ ಸತ್ಯವೇ, ಅದರ ಸಹಜ ನೆಲೆ ನಮ್ಮ ದೇಶದೊಳಕ್ಕೂ ಚಾಚಿದೆ. ಕಾಗದ ತೋರಿಸಲಾಗದ ವ್ಯಾಪಾರಿಯಿಂದ ಕೊಂಡವನು ಕಳ್ಳಮಾಲು ಕೊಂಡವನೇ.

ಹಾಗಾದರೆ ಈಗಾಗಲೇ ಪೆಟ್ಟಿಗೆಯಲ್ಲಿ ಸೊರಗುತ್ತಿರುವ ಹಲ್ಲಿಯ ಗತಿಯೇನು? ಇಲ್ಲಿಯೇ ನಮ್ಮ ಚಳವಳಿಯ ಗೆಳೆಯರೊಡನೆ ನನ್ನ ಜಗಳ. ಸಾಕುವುದನ್ನು ವಿರೋಧಿಸುವವರು ಸಾಕಿದ ಜೀವಕ್ಕೆ ನೆರವಾಗಬಾರದೆಂಬ ತರ್ಕವನ್ನು ನಾನು ಒಪ್ಪಲಾರೆ. ಹೆಂಡದ ವಿರುದ್ಧ ಹೋರಾಡುವವನು ಕುಡುಕನ ಮಗುವಿಗೆ ಗಂಜಿ ಹಾಕಬಾರದೆಂದಂತಾಯಿತು ಅದು. ವ್ಯವಹಾರದ ದೃಷ್ಟಿಯಿಂದಲೂ ಅದು ಮೂರ್ಖತನ. ಹುಡುಗ ಅಂಜಿಕೊಂಡು ಪ್ರಶ್ನೆ ಕೇಳಿದಾಗ ನಾವು ಛೀಮಾರಿ ಹಾಕಿದರೆ ಅವನು ಕತ್ತಲಾದ ಮೇಲೆ ಬೆಟ್ಟಕ್ಕೆ ಹೋಗಿ ಪೆಟ್ಟಿಗೆ ತೆರೆಯುತ್ತಾನೆ. ಕುಳ್ಳಿರಿಸಿ, ಥರ್ಮಾಮೀಟರು ಕೊಟ್ಟು, ತೂಕದ ಪುಸ್ತಕ ಬರೆಸಿದರೆ ಆರು ತಿಂಗಳಲ್ಲಿ ಅವನೇ ‘ಇನ್ನೊಂದು ತರಬೇಡ’ ಎಂದು ತನ್ನ ಗೆಳೆಯನಿಗೆ ಹೇಳುತ್ತಾನೆ. ಒಂದು ಹಲ್ಲಿಯನ್ನು ಸರಿಯಾಗಿ ಸಾಕುವುದು ಎಷ್ಟು ಕಷ್ಟವೆಂದು ತಿಳಿದವನಿಗಿಂತ ಉತ್ತಮ ಪ್ರಚಾರಕ ನಮಗೆ ಎಲ್ಲಿ ಸಿಕ್ಕಾನು?

ಆದುದರಿಂದ ಕೇಳಬೇಕಾದ ಬೇಡಿಕೆಗಳನ್ನು ಕೇಳೋಣ. ಸರೀಸೃಪ ಮಾರುವ ಪ್ರತಿಯೊಂದು ಅಂಗಡಿಯೂ ಆ ಪ್ರಾಣಿಗೆ ಬೇಕಾದ ಶಾಖ, ಆಹಾರ, ಆಯಸ್ಸು, ಬಂದ ಮೂಲ ಇವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಸಾಕಲಾಗದೆ ತಂದುಕೊಟ್ಟರೆ ಹಿಂದಕ್ಕೆ ಪಡೆಯಬೇಕು. ಜಿಲ್ಲೆಗೆ ಒಬ್ಬ ಪಶುವೈದ್ಯರಿಗಾದರೂ ಸರೀಸೃಪಗಳ ಚಿಕಿತ್ಸೆಯಲ್ಲಿ ತರಬೇತಿ ಕೊಡಿಸಬೇಕು. ಹೊಸದಾಗಿ ಕೊಳ್ಳಲು ಹೊರಟಿರುವ ವಿದ್ಯಾರ್ಥಿ ಮಿತ್ರರು ಆ ಹಣದಲ್ಲಿ ಒಂದು ಒಳ್ಳೆಯ ಟಾರ್ಚು ಕೊಳ್ಳಲಿ. ಮಳೆ ಬಿದ್ದ ಮರುದಿನದ ಸಂಜೆ ಊರ ಹಿರಿಯರೊಬ್ಬರೊಡನೆ ಬಂಡೆಯ ಸಾಲಿಗೆ ಬಂದರೆ, ತಾನಾಗಿ ಬೇಟೆಯಾಡಿ ತಿಂದು ಬಾಲ ದಪ್ಪಗಿಟ್ಟುಕೊಂಡಿರುವ ಹಲ್ಲಿಗಳನ್ನು ಪುಕ್ಕಟೆಯಾಗಿ ತೋರಿಸುತ್ತೇವೆ. ಹಿಡಿಯುವಂತಿಲ್ಲ.

ಬೆಟ್ಟದ ತಪ್ಪಲಿನ ಊರಿನವರಲ್ಲಿ ಒಂದು ವಿನಂತಿ. ರಟ್ಟಿನ ಪೆಟ್ಟಿಗೆ ಹಿಡಿದು ಸಂಜೆಯ ಹೊತ್ತು ಬೆಟ್ಟದ ದಾರಿ ಹಿಡಿಯುವ ಹುಡುಗರು ಕಂಡರೆ ಬೈಯದೆ ನಿಲ್ಲಿಸಿ. ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ಬೆಳಗಾದ ಮೇಲೆ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಯ ವಲಯ ಕಚೇರಿಗೋ ಅವರನ್ನು ಜೊತೆ ಮಾಡಿ ಕಳುಹಿಸಿ.